ಅಡುಗೆ ಶಾಲೆಯಲ್ಲಿ ಹೋಟೆಲಿನವನ ಊಟ

ಹೋಟೆಲು ನಡೆಸುವವರನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋಗುವಷ್ಟು ರೇಜಿಗೆ ಇನ್ನೊಂದಿಲ್ಲ. ತಟ್ಟೆ ಬರುವ ಮೊದಲೇ ನಮ್ಮ ಕಣ್ಣು ಲೋಟದ ಅಂಚು, ಸಪ್ಲೈಯರನ ಉಗುರು, ಅಡುಗೆಮನೆಯ ಬಾಗಿಲು ಎಲ್ಲ ಸುತ್ತಿ ಬಂದಿರುತ್ತದೆ. ನ್ಯೂಜೆರ್ಸಿಯಲ್ಲಿರುವ ಮಗಳಿಗೆ ನನ್ನ ಈ ಚಾಳಿ ಚೆನ್ನಾಗಿ ಗೊತ್ತು. "ಅಪ್ಪಾ, ಈ ಸಲ ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಕೂರೋ ಜಾಗಕ್ಕೆ ಹೋಗೋಣ" ಎಂದು ಹೈಡ್ ಪಾರ್ಕಿಗೆ ಹೊರಡಿಸಿದಳು.

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಪೊಕಿಪ್ಸಿಗೆ ರೈಲಿನಲ್ಲಿ ಹೆಚ್ಚು ಕಡಿಮೆ ಎರಡು ಗಂಟೆ. ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಬೇಕು, ಹಡ್ಸನ್ ನದಿ ಉದ್ದಕ್ಕೂ ಜೊತೆಗೇ ಬರುತ್ತದೆ. ಪೊಕಿಪ್ಸಿಯಿಂದ ಟ್ಯಾಕ್ಸಿಯಲ್ಲಿ ಕೆಲವೇ ಮೈಲು ಹೋದರೆ ಹೈಡ್ ಪಾರ್ಕಿನ ಅಡುಗೆ ಶಾಲೆ. ಹೆಸರು ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ. ಮೊದಲಕ್ಷರ ಕೂಡಿಸಿದರೆ ಸಿಐಎ! ಆ ತಮಾಷೆ ಅಲ್ಲಿನ ಹುಡುಗರಿಗೆ ಹಳಸಿ ಹೋಗಿದೆ, ನಾವು ಹೇಳದಿರುವುದೇ ಮರ್ಯಾದೆ.

ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಒಂದು ಕಸುಬು ಕಲಿಸಿಕೊಡಲೆಂದು 1946ರಲ್ಲಿ ಕನೆಟಿಕಟ್ ರಾಜ್ಯದ ನ್ಯೂ ಹೇವನ್ನಿನಲ್ಲಿ ಈ ಶಾಲೆ ಶುರುವಾಯಿತು. ಕಟ್ಟಿ ಬೆಳೆಸಿದ ಫ್ರಾನ್ಸಿಸ್ ರಾತ್ ಬಾಣಸಿಗರಲ್ಲ, ವಕೀಲೆ. ಹೈಡ್ ಪಾರ್ಕಿಗೆ ಬಂದದ್ದು 1972ರಲ್ಲಿ, ಜೆಸ್ವಿಟ್ ಪಾದ್ರಿಗಳ ಹಳೆಯ ಸೆಮಿನರಿಗೆ. ಪಾದ್ರಿಗಳ ಸ್ಮಶಾನ ಇಂದಿಗೂ ಆವರಣದಲ್ಲೇ ಇದೆ. ತತ್ವಜ್ಞಾನಿ ತೆಯಾರ್ ದ ಶಾರ್ದೆಂ ಮಲಗಿರುವುದು ಅಲ್ಲೇ. ಬಣ್ಣದ ಗಾಜಿನ ಕಿಟಕಿಗಳಿದ್ದ ಪ್ರಾರ್ಥನಾ ಮಂದಿರ ವಿದ್ಯಾರ್ಥಿಗಳ ಊಟದ ಹಾಲ್ ಆಯಿತು. ಮಠವಿದ್ದಲ್ಲಿ ಊಟದ ಪಂಕ್ತಿ ಕೂರುವುದು ನಮ್ಮ ಕುಂದಾಪುರದ ಕಡೆಯವರಿಗೆ ವಿಚಿತ್ರವೇನಲ್ಲ.

ನನ್ನನ್ನು ನಿಲ್ಲಿಸಿಬಿಟ್ಟಿದ್ದು ಕಾರಿಡಾರಿನ ಕಿಟಕಿಗಳು. ತರಗತಿಗಳೆಲ್ಲ ಅಡುಗೆಮನೆಗಳೇ. ನಡೆದು ಹೋಗುವವರು ಗಾಜಿನಾಚೆ ಇಣುಕಿ ನೋಡಬಹುದು. ಬೆಂಗಳೂರಿನ ಎಂಟಿಆರ್ ನೆನಪಾಯಿತು. ಅದನ್ನು ನಡೆಸಿದ ಪರಂಪಳ್ಳಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಸುತ್ತಿ ಬಂದ ಮೇಲೆ ಶುಚಿತ್ವದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾದರು ಎಂಬುದನ್ನು ನಮ್ಮ ಕಸುಬಿನವರು ಇಂದಿಗೂ ಹೇಳುತ್ತಾರೆ. ಲಾಲ್‌ಬಾಗ್ ರಸ್ತೆಯ ಆ ಹೋಟೆಲಿನಲ್ಲಿ ಗಿರಾಕಿಗಳು ಅಡುಗೆಮನೆ ಹಾದೇ ಊಟಕ್ಕೆ ಹೋಗುತ್ತಿದ್ದರು. ಉಳಿದ ನಾವೆಲ್ಲ ಅಡುಗೆಮನೆಗೆ ಪರದೆ ಕಟ್ಟಿದವರು. ಪರದೆ ಹೊಗೆಗೆಂದು ಹೇಳುತ್ತೇವೆ. ಅಸಲು ಕಾರಣ ಬೇರೆ.

ಒಳಗೆ ಒಬ್ಬ ಹುಡುಗ ಕ್ಯಾರೆಟ್ ಹೆಚ್ಚುತ್ತಿದ್ದ. ಒಂದೊಂದು ತುಂಡೂ ಮೂರು ಮಿಲಿಮೀಟರಿನ ಚೌಕ. ಮೇಷ್ಟ್ರು ಸ್ಕೇಲು ಇಟ್ಟು ನೋಡಿದರು. ನಗು ಬಂತು. ಆಮೇಲೆ ಯೋಚಿಸಿದರೆ, ತುಂಡು ಸಮ ಇದ್ದರಲ್ಲವೇ ಎಲ್ಲವೂ ಒಟ್ಟಿಗೆ ಬೇಯುವುದು? ನಮ್ಮ ಸಾಗುವಿನಲ್ಲಿ ಬೀನ್ಸ್ ಕರಗಿ ಕ್ಯಾರೆಟ್ ಕಚ್ಚಲು ಉಳಿಯುವುದು ಯಾಕೆಂದು ಬೇರೆ ಹುಡುಕಬೇಕಿಲ್ಲ. ಕತ್ತರಿಸಿದ ಸಿಪ್ಪೆ, ತುದಿಗಳು ಕಸದ ಡಬ್ಬಿಗೆ ಹೋಗಲಿಲ್ಲ, ಸ್ಟಾಕ್ ಎನ್ನುವ ತಿಳಿಸಾರು ಕುದಿಸುವ ಹಂಡೆಗೆ ಹೋದವು.

ಗೋಡೆಯ ಮೇಲೆ ಉಷ್ಣಾಂಶದ ಪಟ್ಟಿ ಇತ್ತು. 5ರಿಂದ 57 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರ ಬಹಳ ಹೊತ್ತು ಇರಬಾರದು. ಬಿಸಿ ಪದಾರ್ಥವನ್ನು 57ರಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮತ್ತೆ ನಾಲ್ಕು ಗಂಟೆಯೊಳಗೆ ಇಳಿಸಬೇಕು. ರಾತ್ರಿ ಉಳಿದ ಸಾಂಬಾರನ್ನು ಕೊಳದಪ್ಪಲೆಯಲ್ಲೇ ಮುಚ್ಚಿಟ್ಟರೆ ನಡು ಭಾಗ ಬೆಳಗಿನವರೆಗೂ ಬೆಚ್ಚಗೇ ಇರುತ್ತದೆ ಎಂಬುದು ನೆನಪಾಗಿ ಮೈ ಜುಮ್ಮೆಂದಿತು. ಹಾಗೆಂದು ಪಟ್ಟಿಯೇ ವೇದವಲ್ಲ. ದೋಸೆ ಹಿಟ್ಟು ಹುಳಿ ಬರುವುದು ಅವರು ಅಪಾಯವೆನ್ನುವ ಆ ಶಾಖದಲ್ಲೇ. ಅಲ್ಲಿ ಕಾಯುವುದು ಫ್ರಿಜ್ ಅಲ್ಲ, ಹುಳಿ.

ಊಟಕ್ಕೆ ಕೂತಿದ್ದು ಶಾಲೆಯದೇ ಆದ, ಫ್ರಾನ್ಸಿನ ಬಾಣಸಿಗ ಪಾಲ್ ಬೊಕೂಸ್ ಹೆಸರಿನ ಫ್ರೆಂಚ್ ರೆಸ್ಟೋರೆಂಟಿನಲ್ಲಿ. ಮೊದಲು ಅದಕ್ಕೆ ಇನ್ನೊಬ್ಬ ಫ್ರೆಂಚ್ ಬಾಣಸಿಗ ಎಸ್ಕಾಫಿಯೆ ಹೆಸರಿತ್ತು, 2013ರಲ್ಲಿ ಬದಲಾಯಿತು. ಪಕ್ಕದ ಮೇಜಿಗೆ ಬೊಕೂಸರ ಪ್ರಸಿದ್ಧ ಸೂಪು ಬಂತು. 1975ರಲ್ಲಿ ಫ್ರಾನ್ಸಿನ ಅಧ್ಯಕ್ಷ ಜಿಸ್ಕಾರ್ ದೆಸ್ತೆಂಗೆ ಮಾಡಿ ಬಡಿಸಿದ್ದಂತೆ. ಬಟ್ಟಲಿನ ಬಾಯಿಗೆ ಪದರ ಪದರದ ಹಿಟ್ಟಿನ ಗೋಪುರ, ಚಮಚದಲ್ಲಿ ಒಡೆದರೆ ಟ್ರಫಲ್ ಅಣಬೆಯ ಘಮ. ಒಳಗಿರುವುದು ಮಾಂಸದ ಸಾರು, ಹಾಗಾಗಿ ಪರಿಮಳವಷ್ಟೇ ನನ್ನ ಪಾಲು. ಫ್ರೆಂಚ್ ಅಡುಗೆ ನಿಂತಿರುವುದೇ ಮೂಳೆ ಕುದಿಸಿದ ಸ್ಟಾಕ್ ಮೇಲೆ. ಸಸ್ಯಾಹಾರಿಗಳು "ಈರುಳ್ಳಿ ಸೂಪು ತಾನೆ" ಎಂದು ನಂಬಿ ಕೂರುವಂತಿಲ್ಲ. ಕೇಳಿಯೇ ತಿನ್ನಬೇಕು. ನಾನು ಕೇಳಿದಾಗ ಬಡಿಸುತ್ತಿದ್ದ ಹುಡುಗಿ ಒಳಗೆ ಓಡಲಿಲ್ಲ. ಯಾವ ಪದಾರ್ಥಕ್ಕೆ ಯಾವ ಸ್ಟಾಕ್, ಯಾವುದರಲ್ಲಿ ಬೆಣ್ಣೆ, ಯಾವುದರಲ್ಲಿ ಮೊಟ್ಟೆ ಎಂದು ನಿಂತಲ್ಲೇ ಹೇಳಿದಳು.

ಅದಕ್ಕೆ ಕಾರಣವಿದೆ. ಕೋರ್ಸಿನ ಕೊನೆಗೆ ಶಾಲೆಯ ಇಂಥ ರೆಸ್ಟೋರೆಂಟುಗಳಲ್ಲಿ ವಿದ್ಯಾರ್ಥಿಗಳು ಕೆಲವು ವಾರ ಒಳಗೆ ಬೇಯಿಸುತ್ತಾರೆ, ಕೆಲವು ವಾರ ಹೊರಗೆ ಬಡಿಸುತ್ತಾರೆ. ಗಿರಾಕಿಯ ಊಟವೇ ಅವರ ಪಾಠ. ನಮ್ಮಲ್ಲಿ ಕ್ಲೀನರ್ ಆಗಿ ಸೇರಿದ ಹುಡುಗ ಸಪ್ಲೈಯರ್ ಆಗಿ, ಯೋಗವಿದ್ದರೆ ದೋಸೆ ಕಲ್ಲಿನ ಮುಂದೆ ನಿಲ್ಲುತ್ತಾನೆ; ಒಮ್ಮೆ ನಿಂತವನು ಮತ್ತೆ ಹೊರಗೆ ಬಂದು ಎಲೆ ನೋಡುವುದಿಲ್ಲ. ಉಪ್ಪಿಟ್ಟು ಅರ್ಧ ಉಳಿದು ವಾಪಸಾದರೆ ಸಪ್ಲೈಯರನಿಗೆ ಗೊತ್ತು, ಭಟ್ಟರಿಗೆ ಗೊತ್ತಾಗುವುದಿಲ್ಲ. ಮಣಿಪಾಲದಲ್ಲೂ ಅಡುಗೆಗೆ ಪದವಿ ಇದೆ. ಆದರೆ ಪದವಿ ಪಡೆದವರು ತರೀಕೆರೆ ಬಸ್ ಸ್ಟ್ಯಾಂಡಿನ ನನ್ನ ಹೋಟೆಲಿಗೆ ಯಾಕೆ ಬಂದಾರು?

ನನ್ನದು ತರಕಾರಿ ಸೂಪು, ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ, ಹದವಾದ ಬ್ರೆಡ್ಡು. ರುಚಿ ಚೆನ್ನಾಗಿತ್ತು, ಖಾರದ ಕಡೆ ಮಾತ್ರ ಪೂರ್ತಿ ಮೌನ.

ನಾನು ಹೋಟೆಲಿನವನೆಂದು ಮಗಳು ಹೇಳಿದ್ದೇ ತಡ, ಆ ಹುಡುಗಿ ದೋಸೆ ಹಿಟ್ಟಿನ ಬಗ್ಗೆ ಕೇಳಿದಳು. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಸ್ವಲ್ಪ ಮೆಂತ್ಯ ಎಂದೆ. ಎಷ್ಟು ಗಂಟೆ ಇಡಬೇಕು? "ಹಿಟ್ಟು ನೋಡಿದರೆ ತಿಳಿಯುತ್ತದೆ." ಏನನ್ನು ನೋಡುತ್ತೀರಿ? ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಎಷ್ಟು ಉಬ್ಬಿದೆ, ಸೌಟು ಹಾಕಿದರೆ ಗುಳ್ಳೆ ಹೇಗೆ ಒಡೆಯುತ್ತದೆ, ವಾಸನೆ ಹುಳಿಯ ಯಾವ ಮೆಟ್ಟಿಲಲ್ಲಿದೆ, ಬೇಸಗೆಯಲ್ಲಿ ಉಪ್ಪು ಯಾವಾಗ ಹಾಕುತ್ತೇವೆ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಾ ಹೋದೆ, ಮಗಳು ಇಂಗ್ಲಿಷಿಗೆ ತಿರುಗಿಸಿದಳು, ಹುಡುಗಿ ಬರೆದುಕೊಂಡಳು. ಅಪ್ಪ ನನಗೆ ಇದ್ಯಾವುದನ್ನೂ ಹೇಳಿಕೊಟ್ಟಿರಲಿಲ್ಲ. ಬೈಸಿಕೊಂಡು ಕಲಿತದ್ದು. ಕೈಗುಣ ಎಂದು ನಾವು ಕೈಮುಗಿದು ಬಿಡುವುದರಲ್ಲಿ ಮುಕ್ಕಾಲು ಪಾಲು ಹೇಳಿಕೊಡಬಹುದಾದ್ದೇ ಎಂದು ಆ ಮೇಜಿನಲ್ಲಿ ಗೊತ್ತಾಯಿತು. ಉಳಿದ ಕಾಲು ಪಾಲಿಗೆ ಮಾತ್ರ ಕೈಯೇ ಬೇಕು.

ಹೋಗುವವರು ಮೊದಲೇ ಮೇಜು ಕಾದಿರಿಸಬೇಕು. ಶಾಲೆಗೆ ರಜೆಯಿದ್ದರೆ ಊಟಕ್ಕೂ ರಜೆ.

ಊರಿಗೆ ಬಂದ ಮೇಲೆ ಒಂದು ಥರ್ಮಾಮೀಟರ್ ತಂದಿಟ್ಟೆ. "ಜ್ವರ ಬಂದಿದ್ದು ಸಾಂಬಾರಿಗೋ ನಿಮಗೋ?" ಎಂದರು ನಮ್ಮ ಭಟ್ಟರು. ಈಗ ರಾತ್ರಿ ಉಳಿದದ್ದನ್ನು ಅಗಲ ಪಾತ್ರೆಗಳಿಗೆ ಸುರಿದು, ತಣ್ಣೀರಲ್ಲಿ ಆರಿಸಿ ಫ್ರಿಜ್ಜಿಗಿಡುತ್ತಾರೆ. ವಾರಕ್ಕೊಂದು ದಿನ ಒಲೆ ಬಿಟ್ಟು ಹೊರಗೆ ಬಡಿಸಲೂ ಒಪ್ಪಿದ್ದಾರೆ. ಮೊದಲ ದಿನವೇ ಚಟ್ನಿ ಯಾಕೆ ಉಳಿಯುತ್ತದೆ ಎಂದು ಗಿರಾಕಿಯೊಬ್ಬರ ಜೊತೆ ಜಗಳ ತೆಗೆದು, ಮಾರನೆಯ ದಿನದಿಂದ ಚಟ್ನಿಗೆ ಹಸಿಮೆಣಸು ಕಡಿಮೆ ಮಾಡಿದರು. ಹುಳಿಪುಡಿಯ ಅಳತೆಯನ್ನು ಮಾತ್ರ ಇನ್ನೂ ಬರೆದುಕೊಟ್ಟಿಲ್ಲ.