ಶುಶ್ರೂಷೆ: ಕರುಣೆಯೊಂದಿಗೆ ವಿವೇಕವೂ ಇರಲಿ

ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ಮನೆಮಂದಿಯೆಲ್ಲ ಸೇವೆಗೆ ನಿಲ್ಲುತ್ತಾರೆ. ಗಂಜಿ ಬೇಯಿಸುತ್ತಾರೆ, ಕಾಲು ಒತ್ತುತ್ತಾರೆ, ದುಆ ಮಾಡುತ್ತಾರೆ. ಇದು ಖಂಡಿತವಾಗಿಯೂ ಒಳ್ಳೆಯ ಗುಣ. ಆದರೆ ರೋಗಿಯ ಸೇವೆಗೆ ಪ್ರೀತಿಯೊಂದೇ ಸಾಲದು. ರೋಗಿಯಲ್ಲಾಗುವ ಬದಲಾವಣೆಯನ್ನು ಕಾಣುವ ಕಣ್ಣು ಮತ್ತು ಅದರ ಅರ್ಥ ತಿಳಿದು ತಕ್ಷಣ ಮುಂದುವರಿಯುವ ವಿವೇಕ ಬೇಕು. ಎಷ್ಟೋ ಕಡೆ ಪ್ರಾಣಕ್ಕೆ ಅಪಾಯ ಬರುವುದು ಸೇವೆಯ ಕೊರತೆಯಿಂದಲ್ಲ, ಗಮನದ ಕೊರತೆಯಿಂದ.

ಇಸ್ಲಾಮೀ ಇತಿಹಾಸದಲ್ಲಿ ಶುಶ್ರೂಷೆಗೆ ಗೌರವದ ಸ್ಥಾನವಿದೆ. ಹಿಜರಿ 5ರಲ್ಲಿ (ಕ್ರಿ.ಶ. 627) ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿ(ಸ)ಯವರು ಅವರನ್ನು ಮದೀನದ ಮಸೀದಿಯಲ್ಲಿದ್ದ ರುಫೈದಾ(ರ) ಎಂಬ ಮಹಿಳೆಯ ಡೇರೆಗೆ ಕಳುಹಿಸಿದರು. ಗಾಯಾಳುಗಳ ಆರೈಕೆ ತಿಳಿದವರ ಕೈಯಲ್ಲೇ ಇರಬೇಕೆಂಬುದಕ್ಕೆ ಇದೊಂದು ನಿದರ್ಶನ. ಆಧುನಿಕ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಕುರಿತು ಬರೆದ ಪುಸ್ತಕದಲ್ಲಿ ರೋಗಿಯ ಅವಲೋಕನಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟರು. ಅಮೇರಿಕದ ಶುಶ್ರೂಷಾ ಶಿಕ್ಷಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ದಾದಿಯರ ವಿವೇಚನೆಯನ್ನು ನಾಲ್ಕು ಹಂತಗಳಾಗಿ ವಿವರಿಸಿದರು. ಅವು ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಸ್ಪಂದಿಸುವುದು ಮತ್ತು ಮರುಚಿಂತಿಸುವುದು. ಮನೆಯಲ್ಲಿ ರೋಗಿಯ ಬಳಿ ಕೂರುವ ನಿಮಗೂ ಈ ಪಾಠ ಉಪಯುಕ್ತವಾಗಿದೆ.

ಗಮನಿಸುವುದು

ಮೊದಲು ಸೋಪಿನಿಂದ ಕೈ ತೊಳೆಯಿರಿ. ಬಳಿಕ ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ನೀವು ಎಣಿಸುತ್ತಿರುವುದು ಅವರಿಗೆ ತಿಳಿಯದಿರಲಿ, ತಿಳಿದರೆ ಉಸಿರಿನ ಗತಿ ಬದಲಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 12ರಿಂದ 20ರಷ್ಟಿರುತ್ತದೆ. 25ಕ್ಕೇರಿದರೆ ಅದು ತುರ್ತಿನ ಸೂಚನೆ. ನಾಡಿ ನಿಮಿಷಕ್ಕೆ 60ರಿಂದ 100ರೊಳಗಿರಬೇಕು. ಜ್ವರ ಎಷ್ಟಿದೆ, ಮೂತ್ರ ಎಷ್ಟು ಸಲ ಹೋಯಿತು, ಎಷ್ಟು ನೀರು ಕುಡಿದರು ಎಂಬುದನ್ನೂ ಸಮಯ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿರಿ. ನೆನಪು ಮೋಸ ಮಾಡಬಹುದು, ಬರಹ ಮೋಸ ಮಾಡದು.

ಸದಾ ಮಲಗಿರುವವರ ಬೆನ್ನು, ಸೊಂಟ ಮತ್ತು ಹಿಮ್ಮಡಿಗಳನ್ನು ದಿನವೂ ನೋಡಿರಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳುಪಾಗದಿದ್ದರೆ ಹಾಸಿಗೆ ಹುಣ್ಣು ಆರಂಭವಾಗುತ್ತಿದೆಯೆಂದು ತಿಳಿಯಿರಿ. ಕೆಂಪಾದ ಜಾಗವನ್ನು ತಿಕ್ಕಬಾರದು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮವನ್ನು ಒಣಗಿದಂತೆ ಇಡಿರಿ, ಹಾಸಿನ ಸುಕ್ಕು ತೆಗೆಯಿರಿ.

ಅರ್ಥ ಮಾಡಿಕೊಳ್ಳುವುದು

ಕಂಡದ್ದಕ್ಕೆ ಸುಲಭದ ಕಾರಣ ಹುಡುಕಿ ಸುಮ್ಮನಾಗುವುದೇ ದೊಡ್ಡ ತಪ್ಪು. ನಿನ್ನೆಯವರೆಗೆ ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದ ವೃದ್ಧರೊಬ್ಬರು ಇಂದು ಗಲಿಬಿಲಿಗೊಂಡು ಏನೇನೋ ಮಾತಾಡುತ್ತಾರೆ, ಊಟ ಬೇಡವೆನ್ನುತ್ತಾರೆ ಎಂದಿಟ್ಟುಕೊಳ್ಳಿ. ಜ್ವರವಿಲ್ಲ. "ವಯಸ್ಸಾಯಿತಲ್ಲ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ವಯಸ್ಸು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ವೃದ್ಧರಲ್ಲಿ ಶ್ವಾಸಕೋಶದ ಅಥವಾ ಮೂತ್ರದ ಸೋಂಕು ಜ್ವರವಿಲ್ಲದೆಯೂ ಬರಬಹುದು. ಹಠಾತ್ತಾದ ಗಲಿಬಿಲಿಯೇ ಅದರ ಮೊದಲ ಲಕ್ಷಣವಾಗಿರಬಹುದು. ಆದ್ದರಿಂದ "ಇವರು ನಿನ್ನೆ ಹೇಗಿದ್ದರು?" ಎಂದು ಪ್ರತಿದಿನವೂ ನಿಮ್ಮನ್ನೇ ಕೇಳಿಕೊಳ್ಳಿರಿ. ಈ ಪ್ರಶ್ನೆಗೆ ವೈದ್ಯರಿಗಿಂತ ಚೆನ್ನಾಗಿ ಉತ್ತರಿಸಬಲ್ಲವರು ನೀವೇ.

ಸ್ಪಂದಿಸುವುದು

ಬಾಯಿ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದನ್ನು ಪಾರ್ಶ್ವವಾಯು ಎಂದು ಶಂಕಿಸಿ ಕೂಡಲೇ 108ಕ್ಕೆ ಕರೆ ಮಾಡಿರಿ. ರೋಗಿ ಕೊನೆಯದಾಗಿ ಸರಿಯಾಗಿದ್ದ ಸಮಯವನ್ನು ನೆನಪಿಡಿರಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಎಣ್ಣೆ ತಿಕ್ಕುತ್ತಾ ಕೂರಲು ಅದು ಸಮಯವಲ್ಲ.

ಪ್ರಜ್ಞೆಯಿಲ್ಲದವರ ಬಾಯಿಗೆ ನೀರನ್ನಾಗಲಿ ಔಷಧಿಯನ್ನಾಗಲಿ ಹಾಕಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವಾಗಬಹುದು. ಉಸಿರಾಟ ಸರಿಯಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ ಸಹಾಯ ಕರೆಯಿರಿ. ಪ್ರಜ್ಞೆಯಿರುವವರಿಗೂ ಕುಳ್ಳಿರಿಸಿಯೇ ತಿನ್ನಿಸಿರಿ. ವೈದ್ಯರೊಡನೆ ಮಾತಾಡುವಾಗ "ಯಾಕೋ ಸರಿಯಿಲ್ಲ" ಎಂದಷ್ಟೇ ಹೇಳದೆ ಹಿಂದಿನ ಕಾಯಿಲೆ, ಕೊಡುತ್ತಿರುವ ಔಷಧಿ, ಇಂದು ಕಂಡ ಬದಲಾವಣೆ ಮತ್ತು ನಿಮ್ಮ ಲೆಕ್ಕಗಳನ್ನು ಕ್ರಮವಾಗಿ ತಿಳಿಸಿರಿ.

ಸಿಹಿಮೂತ್ರ ರೋಗಿಯೊಬ್ಬರು ರಮಝಾನ್‌ನಲ್ಲಿ ಹಠ ಹಿಡಿದು ಉಪವಾಸವಿದ್ದಾರೆ. ಸಂಜೆಗೆ ಬೆವರುತ್ತಾರೆ, ನಡುಗುತ್ತಾರೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮಗ್ರಿಬ್‌ಗೆ ಹತ್ತು ನಿಮಿಷವಷ್ಟೇ ಉಳಿದಿದ್ದರೂ ಕಾಯಬಾರದು, ಉಪವಾಸ ಮುರಿದು ಸಕ್ಕರೆ ನೀರು ಕೊಡಬೇಕು. ರೋಗಿಗೆ ಅಲ್ಲಾಹನೇ ರಿಯಾಯಿತಿ ನೀಡಿದ್ದಾನೆ. ನಿಲ್ಲಲಾಗದವರಿಗೆ ಕುಳಿತು, ಕೂರಲಾಗದವರಿಗೆ ಮಲಗಿ ನಮಾಝ್ ಮಾಡುವ ಅವಕಾಶವಿದೆ. ನೀರು ಹಾನಿ ಮಾಡುವಂತಿದ್ದರೆ ತಯಮ್ಮುಮ್ ಇದೆ. ಇದನ್ನು ರೋಗಿಗೆ ಮೃದುವಾಗಿ ನೆನಪಿಸುವುದೂ ಶುಶ್ರೂಷೆಯ ಭಾಗವೇ ಆಗಿದೆ.

ಮರುಚಿಂತಿಸುವುದು

ಔಷಧಿ ಕೊಟ್ಟಲ್ಲಿಗೆ ಕೆಲಸ ಮುಗಿಯಲಿಲ್ಲ. ಅರ್ಧ ಗಂಟೆಯ ಬಳಿಕ ಮತ್ತೆ ನೋಡಿರಿ. ನೋವು ತಗ್ಗಿತೇ? ಉಸಿರು ಹಗುರಾಯಿತೇ? ಇಲ್ಲವಾದರೆ ಮೊದಲಿನ ತೀರ್ಮಾನವನ್ನೇ ಪರಿಶೀಲಿಸಿರಿ. ತನ್ನ ಅಂದಾಜು ತಪ್ಪಿರಬಹುದೆಂದು ಒಪ್ಪಿಕೊಳ್ಳುವ ವಿನಯವಿಲ್ಲದವರು ಒಳ್ಳೆಯ ಶುಶ್ರೂಷಕರಾಗಲಾರರು.

ರೋಗಿಯನ್ನು ಸಂದರ್ಶಿಸುವುದು ಪುಣ್ಯಕಾರ್ಯ. ಆದರೆ ಕೋಣೆ ತುಂಬಾ ಜನ ಸೇರಿ ಗಂಟೆಗಟ್ಟಲೆ ಮಾತಾಡಿದರೆ ರೋಗಿಗೆ ದಣಿವೇ ಹೊರತು ನೆಮ್ಮದಿಯಿಲ್ಲ. ಸ್ವಲ್ಪ ಹೊತ್ತು ಇದ್ದು, ದುಆ ಮಾಡಿ ಹೊರಡಿರಿ. ರಾತ್ರಿ ಎಚ್ಚರವಿದ್ದವರಿಗೆ ಎರಡು ಗಂಟೆ ನಿದ್ರಿಸಲು ನೆರವಾದರೆ ಇನ್ನೂ ಒಳ್ಳೆಯದು.

ರೋಗಿಯ ದೇಹ ನಮ್ಮ ಕೈಗೆ ಬಂದ ಅಮಾನತ್ತು. ರೋಗ ಗುಣವಾಗುವುದು ಅಲ್ಲಾಹನ ಇಚ್ಛೆಯಿಂದ. ಆದರೆ ಕಣ್ಣು ತೆರೆದು ನೋಡುವುದು, ಕೈ ತೊಳೆಯುವುದು, ಸಮಯಕ್ಕೆ ವೈದ್ಯರನ್ನು ಕರೆಯುವುದು ನಮ್ಮ ಹೊಣೆ. ಇಂದೇ ನಿಮ್ಮ ಮನೆಯ ರೋಗಿಯ ಬಳಿ ಕುಳಿತು ಒಂದು ನಿಮಿಷ ಅವರ ಉಸಿರನ್ನು ಎಣಿಸಿರಿ.