ಮನಸ್ಸಿನ ದಣಿವು ಮತ್ತು ದೇಹದ ಬಲ: ಕ್ರೀಡಾ ವಿಜ್ಞಾನ ಕಲಿಸುವ ಪಾಠ

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ಅನೇಕ ಮನೆಗಳಲ್ಲಿ ಒಂದು ಅಲಿಖಿತ ನಿಯಮ ಜಾರಿಗೆ ಬರುತ್ತದೆ. ಮಗನ ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತದೆ. ಮಗಳ ಸಂಜೆಯ ಆಟ ನಿಲ್ಲುತ್ತದೆ. ರಾತ್ರಿ ಹನ್ನೊಂದರವರೆಗೆ ಓದು, ಮತ್ತೆ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವುದು. ತಂದೆತಾಯಿಗಳು ಇದನ್ನೆಲ್ಲ ಮಕ್ಕಳ ಹಿತಕ್ಕಾಗಿಯೇ ಮಾಡುತ್ತಾರೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆಟವನ್ನೂ ನಿದ್ರೆಯನ್ನೂ ಕಡಿತಗೊಳಿಸಿದರೆ ಓದು ನಿಜವಾಗಿಯೂ ಹೆಚ್ಚುತ್ತದೆಯೇ? ದೇಹವನ್ನು ಬದಿಗಿರಿಸಿ ಬುದ್ಧಿಯೊಂದನ್ನೇ ದುಡಿಸಲು ಸಾಧ್ಯವೇ?

ಈ ಪ್ರಶ್ನೆಗೆ ಉತ್ತರವನ್ನು ನಾವು ಸಾಮಾನ್ಯವಾಗಿ ಹುಡುಕದ ಒಂದು ಕ್ಷೇತ್ರ ನೀಡುತ್ತದೆ. ಅದು ಕ್ರೀಡಾ ವಿಜ್ಞಾನ. ಒಂದು ದಿನದ, ಕೆಲವೊಮ್ಮೆ ಒಂದು ನಿಮಿಷದ ಸ್ಪರ್ಧೆಗಾಗಿ ವರ್ಷಗಟ್ಟಲೆ ಸಿದ್ಧರಾಗುವವರು ಕ್ರೀಡಾಪಟುಗಳು. ಒತ್ತಡ, ದಣಿವು ಮತ್ತು ವಿಶ್ರಾಂತಿಗಳ ಲೆಕ್ಕಾಚಾರವನ್ನು ಅವರಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದವರು ವಿರಳ.

ಬೆರಳೊಂದು ಹೇಳಿದ ಸತ್ಯ

ಈ ಅಧ್ಯಯನದ ಮೂಲ ಇಟಲಿಯ ಟ್ಯೂರಿನ್ ನಗರದಲ್ಲಿದೆ. ಅಲ್ಲಿಯ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ದಣಿವನ್ನು ಅಳೆಯಲು ಒಂದು ಉಪಕರಣವನ್ನು ನಿರ್ಮಿಸಿದರು. ಕೈಯನ್ನು ಅಲುಗದಂತೆ ಇರಿಸಿ, ಮಧ್ಯದ ಬೆರಳಿನಿಂದ ಒಂದು ತೂಕವನ್ನು ಮತ್ತೆ ಮತ್ತೆ ಎಳೆಯಬೇಕು. ಬೆರಳು ಸೋಲುವವರೆಗಿನ ಪ್ರತಿಯೊಂದು ಎಳೆತವೂ ಕಾಗದದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ದಣಿವನ್ನು ಕುರಿತ ಅವರ ಗ್ರಂಥ 1891ರಲ್ಲಿ ಪ್ರಕಟವಾಯಿತು. ದೀರ್ಘ ಉಪನ್ಯಾಸ ನೀಡಿದ ಅಥವಾ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸಿ ಬಂದ ಪ್ರಾಧ್ಯಾಪಕರ ಬೆರಳು ಎಂದಿಗಿಂತ ಬೇಗ ಸೋಲುತ್ತಿದ್ದುದನ್ನು ಅವರು ಗಮನಿಸಿದರು. ಆ ಪ್ರಾಧ್ಯಾಪಕರು ಭಾರ ಹೊತ್ತಿರಲಿಲ್ಲ, ಓಡಿರಲಿಲ್ಲ. ದುಡಿದದ್ದು ಮಿದುಳು, ಸೋತದ್ದು ಸ್ನಾಯು.

ನೂರಕ್ಕೂ ಹೆಚ್ಚು ವರ್ಷಗಳ ಅನಂತರ, 2009ರಲ್ಲಿ, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಸ್ಯಾಮ್ಯುಯೆಲ್ ಮಾರ್ಕೋರಾ ಮತ್ತು ಅವರ ಸಹೋದ್ಯೋಗಿಗಳು ಇದೇ ವಿಷಯವನ್ನು ಹೊಸ ವಿಧಾನದಿಂದ ಪರೀಕ್ಷಿಸಿದರು. 16 ಮಂದಿ ಸ್ವಯಂಸೇವಕರು ಒಂದು ದಿನ 90 ನಿಮಿಷಗಳ ಕಾಲ ಕಂಪ್ಯೂಟರಿನ ಮುಂದೆ ಕುಳಿತು, ಎಡೆಬಿಡದ ಏಕಾಗ್ರತೆಯನ್ನು ಬೇಡುವ ಅಕ್ಷರಪರೀಕ್ಷೆಯನ್ನು ಎದುರಿಸಿದರು. ಮತ್ತೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರಗಳನ್ನು ನೋಡಿದರು. ಎರಡೂ ದಿನ ಬಳಿಕ ಸ್ಥಿರ ಸೈಕಲ್ಲನ್ನು ಶಕ್ತಿ ಮುಗಿಯುವವರೆಗೆ ತುಳಿದರು. ಸಾಕ್ಷ್ಯಚಿತ್ರ ನೋಡಿದ ದಿನ ಅವರು ಸರಾಸರಿ 754 ಸೆಕೆಂಡುಗಳ ಕಾಲ ತುಳಿದರೆ, ಮನಸ್ಸು ದಣಿದ ದಿನ ಕೇವಲ 640 ಸೆಕೆಂಡುಗಳಲ್ಲಿ ಕೈಚೆಲ್ಲಿದರು.

ಇದಕ್ಕೆ ಕಾರಣ ಹೃದಯವಾಗಲಿ ಶ್ವಾಸಕೋಶವಾಗಲಿ ಅಲ್ಲ. ವ್ಯಾಯಾಮಕ್ಕೆ ಅವು ಎರಡೂ ದಿನ ಸರಿಸುಮಾರು ಒಂದೇ ರೀತಿಯಲ್ಲಿ ಸ್ಪಂದಿಸಿದ್ದವು. ಬದಲಾದದ್ದು ಪ್ರಯಾಸದ ಅನುಭವ ಮಾತ್ರ. ದಣಿದ ಮನಸ್ಸಿಗೆ ಅದೇ ಕೆಲಸ ಹೆಚ್ಚು ಕಷ್ಟವೆನಿಸಿತು. ಆದ್ದರಿಂದ ಬೇಗ ಸಾಕೆನಿಸಿತು. ಇದು ಸೋಮಾರಿತನವಲ್ಲ. ಮನಸ್ಸಿನ ದಣಿವು ಅಳತೆಗೆ ಸಿಗುವ ನಿಜವಾದ ದಣಿವು. ದಿನವಿಡೀ ಓದಿ ಕುಳಿತ ಮಗು, ಲೆಕ್ಕಪತ್ರಗಳಲ್ಲಿ ಮುಳುಗಿ ಬಂದ ಗೃಹಸ್ಥ, ರೋಗಿಯ ಚಿಂತೆಯಲ್ಲಿ ರಾತ್ರಿ ಕಳೆದ ಗೃಹಿಣಿ "ಏನೂ ಮಾಡಲಿಲ್ಲ, ಆದರೂ ಸುಸ್ತು" ಎಂದರೆ ಆ ಮಾತನ್ನು ನಂಬಬೇಕು.

ಒತ್ತಡ ಶತ್ರುವೇ?

ಹಾಗೆಂದು ಒತ್ತಡವೆಲ್ಲವೂ ಕೆಟ್ಟದ್ದಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳನ್ನು ಕುರಿತ ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದರು. ವಿಪರೀತ ಚಳಿ, ಗಾಯ, ವಿಷ, ಅತಿಯಾದ ಸ್ನಾಯುಶ್ರಮ, ಹೀಗೆ ಕಾರಣ ಯಾವುದೇ ಇದ್ದರೂ ದೇಹದ ಪ್ರತಿಕ್ರಿಯೆ ಒಂದೇ ಬಗೆಯಲ್ಲಿ ಸಾಗುತ್ತದೆ ಎಂದು ಅವರು ಕಂಡುಕೊಂಡರು. ಮೊದಲು ದೇಹ ಎಚ್ಚೆತ್ತುಕೊಳ್ಳುತ್ತದೆ. ಆಮೇಲೆ ಹೊಂದಿಕೊಂಡು ಎದುರಿಸುತ್ತದೆ. ಒತ್ತಡ ಬಿಡುವಿಲ್ಲದೆ ಮುಂದುವರಿದರೆ ಕೊನೆಗೆ ಬಸವಳಿಯುತ್ತದೆ.

ಕ್ರೀಡಾ ತರಬೇತಿಯ ಗುಟ್ಟು ಈ ಎರಡನೆಯ ಮತ್ತು ಮೂರನೆಯ ಹಂತಗಳ ನಡುವೆ ಅಡಗಿದೆ. ಓಟಗಾರ ಅಭ್ಯಾಸ ಮಾಡುವಾಗ ಅವನ ಸ್ನಾಯುಗಳು ಬಲಗೊಳ್ಳುವುದಿಲ್ಲ, ವಾಸ್ತವವಾಗಿ ಅವು ದಣಿಯುತ್ತವೆ. ಬಲ ಬರುವುದು ಅನಂತರದ ಆಹಾರ, ನಿದ್ರೆ ಮತ್ತು ಬಿಡುವಿನಲ್ಲಿ. ಬಿಡುವು ಸಾಲದಿದ್ದರೆ ಅಭ್ಯಾಸ ಹೆಚ್ಚಿದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ನಿದ್ರೆ ಕೆಡುತ್ತದೆ, ಹಸಿವು ಇಂಗುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ, ಪದೇ ಪದೇ ನೆಗಡಿಯಾಗುತ್ತದೆ. ಅನುಭವಿ ತರಬೇತುದಾರರು ಈ ಲಕ್ಷಣಗಳನ್ನು ಕಂಡ ಕೂಡಲೇ ಅಭ್ಯಾಸವನ್ನು ತಗ್ಗಿಸುತ್ತಾರೆ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆಯನ್ನೇ ಅವರು ಪಾಲಿಸುತ್ತಾರೆ.

ಬುದ್ಧಿಯ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಮೆರಿಕದ ಯೆರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1908ರಲ್ಲಿ ಇಲಿಗಳ ಕಲಿಕೆಯನ್ನು ಅಭ್ಯಸಿಸಿದರು. ಸುಲಭವಾದ ಪಾಠವನ್ನು ಅವು ಹೆಚ್ಚು ಒತ್ತಾಯದಲ್ಲಿ ಬೇಗ ಕಲಿತವು. ಕಠಿಣವಾದ ಪಾಠಕ್ಕೆ ಮಾತ್ರ ಹಿತಮಿತವಾದ ಒತ್ತಾಯವೇ ಉತ್ತಮವೆಂದು ಕಂಡುಬಂದಿತು, ಅದು ಮಿತಿಮೀರಿದಾಗ ಕಲಿಕೆ ಹಿಂದೆ ಬಿದ್ದಿತು. ಗಣಿತದ ಕಠಿಣ ಸಮಸ್ಯೆಯ ಮುಂದೆ ಕುಳಿತ ಮಗುವಿಗೆ ಗದರಿಕೆ ಏಕೆ ನೆರವಾಗುವುದಿಲ್ಲ ಎಂಬುದನ್ನು ಇದರಿಂದ ಊಹಿಸಬಹುದು.

ಸ್ಪರ್ಧೆಗೆ ಮುನ್ನ ಭಾರ ಇಳಿಸುವ ಕ್ರಮ

ಈ ಎಲ್ಲ ಅರಿವಿನಿಂದ ರೂಪುಗೊಂಡ ಒಂದು ಪದ್ಧತಿಯನ್ನು ಪೋಷಕರು ವಿಶೇಷವಾಗಿ ಗಮನಿಸಬೇಕು. ಮಹತ್ವದ ಸ್ಪರ್ಧೆ ಹತ್ತಿರ ಬಂದಾಗ ಕ್ರೀಡಾಪಟುಗಳು ಅಭ್ಯಾಸದ ಪ್ರಮಾಣವನ್ನು ಹೆಚ್ಚಿಸುವುದಿಲ್ಲ, ಇಳಿಸುತ್ತಾರೆ. ಈ ಕುರಿತ ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ನಡೆದ ವಿಶ್ಲೇಷಣೆಯ ಪ್ರಕಾರ, ಸ್ಪರ್ಧೆಗೆ ಮುಂಚಿನ ಎರಡು ವಾರಗಳಲ್ಲಿ ಅಭ್ಯಾಸದ ಪ್ರಮಾಣವನ್ನು ಶೇ. 41ರಿಂದ 60ರಷ್ಟು ತಗ್ಗಿಸಿ, ಅದರ ತೀವ್ರತೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಾಗ ಫಲಿತಾಂಶ ಅತ್ಯುತ್ತಮವಾಗಿರುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ವರ್ಷವಿಡೀ ಸಡಿಲವಾಗಿದ್ದು ಕೊನೆಯ ಎರಡು ವಾರಗಳಲ್ಲಿ ಎಲ್ಲ ಭಾರವನ್ನೂ ಹೇರುತ್ತೇವೆ.

ನಿದ್ರೆಯ ವಿಷಯವೂ ಹಾಗೆಯೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಮಂದಿ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಐದರಿಂದ ಏಳು ವಾರಗಳ ಕಾಲ ರಾತ್ರಿ ಕನಿಷ್ಠ 10 ಗಂಟೆ ಹಾಸಿಗೆಯಲ್ಲಿರುವಂತೆ ಸೂಚಿಸಲಾಯಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅವರ ಓಟದ ಅವಧಿ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು. ಚೆಂಡನ್ನು ಬುಟ್ಟಿಗೆ ಎಸೆಯುವ ನಿಖರತೆ ಶೇ. 9ರಷ್ಟು ಏರಿತು, ಪ್ರತಿಕ್ರಿಯೆ ಚುರುಕಾಯಿತು, ಮನಸ್ಸು ಪ್ರಸನ್ನವಾಯಿತು. ಸಣ್ಣ ಗುಂಪಿನ ಅಧ್ಯಯನವಾದರೂ ಅದರ ಸೂಚನೆ ಸ್ಪಷ್ಟವಾಗಿದೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಬೇಕೇ ಬೇಕು.

ದೇಹ ನಡೆದರೆ ಬುದ್ಧಿಯೂ ನಡೆಯುತ್ತದೆ

ಮನಸ್ಸು ದಣಿದರೆ ದೇಹ ಸೋಲುವಂತೆಯೇ, ದೇಹ ಹದವಾಗಿ ಚಲಿಸಿದರೆ ಬುದ್ಧಿ ಚೇತರಿಸಿಕೊಳ್ಳುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು-ಹತ್ತರ ಹರೆಯದ ಮಕ್ಕಳು 20 ನಿಮಿಷ ಸಾಧಾರಣ ವೇಗದಲ್ಲಿ ನಡೆದ ಬಳಿಕ ಅವರ ಏಕಾಗ್ರತೆಯೂ ಓದಿ ಗ್ರಹಿಸುವ ಶಕ್ತಿಯೂ, ಸುಮ್ಮನೆ ಕುಳಿತಿದ್ದ ದಿನಕ್ಕಿಂತ ಉತ್ತಮವಾಗಿದ್ದವು.

ಹಿರಿಯರಿಗೂ ಇಲ್ಲಿ ಭರವಸೆಯ ಮಾತಿದೆ. 2011ರ ಇನ್ನೊಂದು ಅಧ್ಯಯನದಲ್ಲಿ 120 ಮಂದಿ ವಯೋವೃದ್ಧರು ಎರಡು ಗುಂಪುಗಳಲ್ಲಿ ಪಾಲ್ಗೊಂಡರು. ವಾರಕ್ಕೆ ಮೂರು ದಿನ, ಕ್ರಮೇಣ 40 ನಿಮಿಷಗಳವರೆಗೆ, ಒಂದು ವರ್ಷ ನಡಿಗೆ ಮಾಡಿದವರಲ್ಲಿ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಗಾತ್ರ ಶೇ. 2ರಷ್ಟು ಹೆಚ್ಚಿತು. ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಶೇ. 1.4ರಷ್ಟು ಕುಗ್ಗಿತು.

ಮನೆಯಲ್ಲಿ ಪಾಲಿಸಬಹುದಾದ ಕ್ರಮ

1. ವರ್ಷದ ಓದನ್ನು ಸಮನಾಗಿ ಹಂಚಿಕೊಂಡು, ಪರೀಕ್ಷೆಯ ಹಿಂದಿನ ದಿನಗಳನ್ನು ಪುನರಾವರ್ತನೆಗೆ ಮೀಸಲಿಡಬೇಕು. ಓದುವ ಗಂಟೆಗಳು ತಗ್ಗಲಿ, ಗಮನ ಮಾತ್ರ ತಗ್ಗದಿರಲಿ.

2. ಪ್ರೌಢಶಾಲೆಯ ವಯಸ್ಸಿನವರಿಗೆ 8ರಿಂದ 10 ಗಂಟೆಗಳ ನಿದ್ರೆ ಅಗತ್ಯ. ತಡರಾತ್ರಿಯ ಓದು, ನಸುಕಿನ ಓದು ಇವೆರಡನ್ನೂ ಒಟ್ಟಿಗೆ ಹೇರಬಾರದು. ನಸುಕಿನಲ್ಲಿ ಏಳುವ ಮಗು ಬೇಗ ಮಲಗಲೇಬೇಕು.

3. ಸಂಜೆಯ ಆಟವನ್ನಾಗಲಿ 20 ನಿಮಿಷಗಳ ನಡಿಗೆಯನ್ನಾಗಲಿ ಓದಿನ ಅಂಗವೆಂದೇ ಭಾವಿಸಬೇಕು.

4. ಬಿಡುವಿನ ವೇಳೆ ಮೊಬೈಲ್ ಹಿಡಿದರೆ ಕಣ್ಣಿಗೂ ಮನಸ್ಸಿಗೂ ಬಿಡುವು ದೊರೆಯದು. ಎದ್ದು ಅಂಗಳದಲ್ಲಿ ನಡೆದಾಡುವುದು ಲೇಸು.

5. ದಿನವಿಡೀ ಮಾನಸಿಕ ಶ್ರಮ ಪಟ್ಟವರು ಸಂಜೆ ವಾಹನ ಚಲಾಯಿಸುವಾಗ, ಯಂತ್ರಗಳೊಡನೆ ಕೆಲಸ ಮಾಡುವಾಗ ಹೆಚ್ಚಿನ ಎಚ್ಚರ ವಹಿಸಬೇಕು.

ನಿದ್ರಾಹೀನತೆ, ಹಸಿವಿಲ್ಲದಿರುವುದು, ಅಳು ಅಥವಾ ಮೌನ ಎರಡು ವಾರಗಳಿಗೂ ಮೀರಿ ಮುಂದುವರಿದರೆ ವೈದ್ಯರನ್ನು ಕಾಣುವುದು ಅವಶ್ಯ. ಮಗು ಬದುಕುವ ಆಸೆಯನ್ನೇ ಕಳೆದುಕೊಂಡಂತೆ ಮಾತನಾಡಿದರೆ ಒಂದು ದಿನವೂ ತಡಮಾಡಬಾರದು. ಹೃದ್ರೋಗ ಅಥವಾ ಮಂಡಿನೋವು ಇರುವ ಹಿರಿಯರು ವೈದ್ಯರ ಸಲಹೆ ಪಡೆದೇ ನಡಿಗೆಯನ್ನು ಆರಂಭಿಸಬೇಕು.

ಉತ್ತವರಿಗೆ ನೆಲದ ಸ್ವಭಾವ ಗೊತ್ತು. ಒಂದೇ ಸಮನೆ ಬೆಳೆ ತೆಗೆದರೆ ಭೂಮಿ ಬರಡಾಗುತ್ತದೆ, ಬೀಡು ಬಿಟ್ಟ ಹೊಲ ಮರುವರ್ಷ ತುಂಬಿ ಕೊಡುತ್ತದೆ. ಮಕ್ಕಳ ಬುದ್ಧಿಯೂ ಅಂತಹ ಹೊಲವೇ. ಈ ಬಾರಿ ಪರೀಕ್ಷೆ ಬಂದಾಗ ಅಟ್ಟದ ಮೇಲಿನ ಬ್ಯಾಟನ್ನು ಸಂಜೆಯ ಅರ್ಧ ಗಂಟೆಗಾದರೂ ಕೆಳಗಿಳಿಸಿ ಕೊಡೋಣ.