ಡಬ್ಬಿ ಬಟಾಣಿ, ಹಿಡಿ ಕಡಲೆಕಾಯಿ ಬೀಜ: ಯಾವುದರಲ್ಲಿ ಏನಿದೆ?

ಡಬ್ಬಿ ಬಟಾಣಿ, ಕಡಲೆಕಾಯಿ ಬೀಜ ಇವೆರಡರಲ್ಲಿ ಸತ್ವ ಯಾವುದಕ್ಕೆ ಹೆಚ್ಚು? 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ನೀರು ಸೋಸಿದ ಡಬ್ಬಿ ಬಟಾಣಿಯಲ್ಲಿ 4 ಗ್ರಾಂ ಚಿಲ್ಲರೆ. ಇಷ್ಟಕ್ಕೇ ತೀರ್ಪು ಕೊಡಬೇಡಿ. 100 ಗ್ರಾಂ ಬಟಾಣಿ ಸಾಗುವಿನಲ್ಲಿ ಸಲೀಸಾಗಿ ಹೊಟ್ಟೆಗೆ ಹೋಗುತ್ತದೆ. ಅಷ್ಟೇ ತೂಕದ ಬೀಜ ತಿಂದರೆ 560ಕ್ಕೂ ಹೆಚ್ಚು ಕ್ಯಾಲೊರಿ. ಲೆಕ್ಕ ಹಾಕಬೇಕಾದ್ದು ತಟ್ಟೆಗೆ ಎಷ್ಟು ಬರುತ್ತದೆ ಎಂಬುದನ್ನು.

ಮೊದಲು ಡಬ್ಬಿ ತಿರುಗಿಸಿ. ನಿವ್ವಳ ತೂಕದ ಜೊತೆ ನೀರು ಸೋಸಿದ ತೂಕವನ್ನೂ ಬರೆದಿದ್ದರೆ ಎರಡನೆಯದನ್ನೇ ನಂಬಿ. ಇಲ್ಲದಿದ್ದರೆ ಜರಡಿಗೆ ಸುರಿದು ಎರಡು ನಿಮಿಷ ಬಿಟ್ಟು ತೂಗಿ. ಕೆಳಗಿನ ಪಾತ್ರೆಯಲ್ಲಿ ನಿಂತ ಮಬ್ಬು ಹಸಿರು ಉಪ್ಪುನೀರಿಗೂ ನೀವು ದುಡ್ಡು ಕೊಟ್ಟಿದ್ದೀರಿ.

ಆಮೇಲೆ ಬೀಜವನ್ನು 30 ಗ್ರಾಂ ತೂಗಿ ಒಂದು ಬಟ್ಟಲಿಗೆ ಹಾಕಿ, ಎಲ್ಲಿಯವರೆಗೆ ಬಂತೆಂದು ಗುರುತಿಟ್ಟುಕೊಳ್ಳಿ. ಹೆಚ್ಚುಕಡಿಮೆ ಒಂದು ಹಿಡಿ. ಅದರಲ್ಲಿ 170 ಕ್ಯಾಲೊರಿ, ಏಳೂವರೆ ಗ್ರಾಂ ಪ್ರೋಟೀನ್, 15 ಗ್ರಾಂನಷ್ಟು ಕೊಬ್ಬು. ಇಷ್ಟೇ ಪ್ರೋಟೀನ್ ಬಟಾಣಿಯಿಂದ ಬೇಕೆಂದರೆ 170 ಗ್ರಾಂ ತಿನ್ನಬೇಕು. ಕೊಬ್ಬು ಮಾತ್ರ ನಾಮಮಾತ್ರ. 30 ಗ್ರಾಂ ಬಾದಾಮಿಯಲ್ಲಿ ಪ್ರೋಟೀನ್ 6 ಗ್ರಾಂ, ಗೋಡಂಬಿಯಲ್ಲಿ ಐದೂವರೆ. ಬಾದಾಮಿಗೆ ನಾರು, ವಿಟಮಿನ್ ಇ ಹೆಚ್ಚು, ನಿಜ. ಆದರೆ ಕಡಲೆಕಾಯಿಯನ್ನು ಬಡವರ ಬಾದಾಮಿ ಎಂದು ಕಡೆಗಣಿಸುವುದು ನನಗೆ ಒಪ್ಪಿಗೆಯಿಲ್ಲ. 1950ರಲ್ಲಿ ನಮ್ಮ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಪೌಷ್ಟಿಕಾಂಶದ ಕೊರತೆ ನೀಗಿಸಲು ರೂಪಿಸಿದ ‘ಮಲ್ಟಿಪರ್ಪಸ್ ಫುಡ್’ನ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು.

ಇನ್ನು ಸೋಡಿಯಂ. ಲೇಬಲ್‌ನಲ್ಲಿರುವ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂಗೆ 250 ಮಿಲಿಗ್ರಾಂ ಎಂದಿದ್ದರೆ ಉಪ್ಪು 0.6 ಗ್ರಾಂ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಟಾಣಿಯನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಒಂದಿಷ್ಟು ಉಪ್ಪು ಹೋಗುತ್ತದೆ. ಸಾಗುವಿಗೆ ಉಪ್ಪನ್ನು ರುಚಿ ನೋಡಿಯೇ ಹಾಕಿ. ಹಸಿ ಬೀಜದಲ್ಲಿ ಸೋಡಿಯಂ ಅತ್ಯಲ್ಪ, ಆದರೆ ಕಾಂಗ್ರೆಸ್ ಕಡಲೆಕಾಯಿ ಅಥವಾ ಉಪ್ಪು ಹಚ್ಚಿದ ಗೋಡಂಬಿಗೆ ಈ ಮಾತು ಸಲ್ಲದು.

ಡಬ್ಬಿಯ ಬಿಸಿಗೆ ವಿಟಮಿನ್ ಸಿ ಸಾಕಷ್ಟು ನಷ್ಟವಾಗುತ್ತದೆ. ಹಾಗೆಂದು ತರಕಾರಿಯ ಜಾಗಕ್ಕೆ ಬೀಜ ಬರಲಾರದು, ಅದರಲ್ಲಿ ಆ ವಿಟಮಿನ್ ಇಲ್ಲವೇ ಇಲ್ಲ ಎನ್ನಬಹುದು. ಚಳಿಗಾಲದಲ್ಲಿ ದೇವರಾಜ ಮಾರುಕಟ್ಟೆಗೆ ಹಸಿ ಬಟಾಣಿ ಬರುವಾಗ ಡಬ್ಬಿಯ ಗೊಡವೆಯೇ ಬೇಡ.

ಉಬ್ಬಿದ, ಸೋರುವ ಡಬ್ಬಿಯನ್ನು ರುಚಿಯನ್ನೂ ನೋಡದೆ ಎಸೆಯಿರಿ. ಬೂಷ್ಟು ಹಿಡಿದ ಬೀಜವನ್ನೂ ಅಷ್ಟೇ: ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಪುಟ್ಟ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇಷ್ಟಾದ ಮೇಲೆ ತೊಳೆದ ಬಟಾಣಿ ಒಂದು ಬಟ್ಟಲು ತೆಗೆದುಕೊಳ್ಳಿ. ಹುರಿದು ತರಿತರಿಯಾಗಿ ಕುಟ್ಟಿದ ಬೀಜ ಒಂದು ಹಿಡಿ, ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು ಬೆರೆಸಿ. ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ. ಅದರ ವಿಟಮಿನ್ ಸಿ, ಬಟಾಣಿ ಮತ್ತು ಬೀಜದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ.